ಗದ್ದೆಯಿಂದ ಕೀಲಿಗೆ

ಉಡುಪಿ, ದಕ್ಷಿಣ ಕನ್ನಡದ ಬೈಲುಗದ್ದೆಗಳಲ್ಲಿ ಏಣೇಲು ಬೆಳೆಯ ನೇಜಿ ನೆಟ್ಟು ಮುಗಿಯುವ ಹೊತ್ತಿಗೆ ಮಳೆ ಪೂರ್ತಿ ಜೋರಿನಲ್ಲಿರುತ್ತದೆ. ವರ್ಷಕ್ಕೆ 4,000 ಮಿಲಿಮೀಟರ್ ಆಸುಪಾಸು ಸುರಿಯುವ ಸೀಮೆ ಇದು. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಬಿದ್ದುಹೋಗುತ್ತದೆ. ಗದ್ದೆಗಿಳಿದವರ ಕಾಲು ಕಣಕಾಲಿನ ಮೇಲಕ್ಕೂ ಕೆಸರಿನಲ್ಲಿ ಹೂತಿರುತ್ತದೆ. ಹಕ್ಕಿ ನೋಡುವವರಿಗೆ ಇದು ಬೆಳ್ಳಕ್ಕಿಗಳ ಕಾಲ, ಕಪ್ಪೆ ನೋಡುವವರಿಗೆ ಕಪ್ಪೆಗಳ ಕಾಲ. ಬ್ಯಾಕ್ಟೀರಿಯಾ ನೋಡುತ್ತ ಕೂರುವ ನನ್ನಂಥವರಿಗೆ ಇದು ಬರ್ಕ್‌ಹೋಲ್ಡೇರಿಯಾ ಸೂಡೊಮ್ಯಾಲಿಯೈ ಎಂಬ ಮಣ್ಣುಜೀವಿಯ ಕಾಲ.

ಒದ್ದೆ ಮಣ್ಣು ಅದರ ಮನೆ. ಬೇಸಿಗೆಯಲ್ಲಿ ಮೇಲ್ಮಣ್ಣು ಒಣಗಿದಾಗ ಆಳದ ತೇವದಲ್ಲಿ ಉಳಿಯುತ್ತದೆ, ಮಳೆ ನೆಲವನ್ನು ತೋಯಿಸಿದಾಗ ಮೇಲ್ಮಣ್ಣಿನಲ್ಲೂ ನಿಂತ ನೀರಿನಲ್ಲೂ ಕಾಣಿಸಿಕೊಳ್ಳುತ್ತದೆ. ಮಣ್ಣಿನಲ್ಲಿ ಇದನ್ನು ಹುಡುಕುವವರು 30 ಸೆಂಟಿಮೀಟರ್ ಆಳದಿಂದ ಮಾದರಿ ತೆಗೆಯುವುದು ರೂಢಿ. ಥಾಯ್ಲೆಂಡಿನ ಒಂದು ಪ್ರಯೋಗಾಲಯದಲ್ಲಿ ಬರೀ ಬಟ್ಟಿ ಇಳಿಸಿದ ನೀರಿನಲ್ಲಿ, ಯಾವ ಆಹಾರವೂ ಇಲ್ಲದೆ, ಇದು 16 ವರ್ಷ ಬದುಕಿದ್ದು ದಾಖಲಾಗಿದೆ. ಮನುಷ್ಯನ ಹಂಗು ಇಲ್ಲದೆ ತನ್ನ ಪಾಡಿಗೆ ಬಾಳಬಲ್ಲ ಜೀವಿ. ಆದರೂ ಕಾಲಿನ ಬಿರುಕಿನಿಂದಲೋ ಗೀರುಗಾಯದಿಂದಲೋ ಒಳಗೆ ಹೊಕ್ಕರೆ, ಗಾಳಿಮಳೆಯಲ್ಲಿ ತೇಲಿದ ಹನಿಯೊಂದಿಗೆ ಶ್ವಾಸಕೋಶ ಸೇರಿದರೆ, ಮೆಲಿಯಾಯ್ಡೋಸಿಸ್ ಎಂಬ ಕಾಯಿಲೆ ತರುತ್ತದೆ. ಸಕ್ಕರೆ ಕಾಯಿಲೆ ಇದ್ದವರನ್ನು ಇದು ಎಲ್ಲರಿಗಿಂತ ಹೆಚ್ಚು ಕಾಡುತ್ತದೆ. ರಕ್ತ, ಶ್ವಾಸಕೋಶ, ಯಕೃತ್ತು, ಗುಲ್ಮ, ಮೂಳೆ, ಕೀಲು, ಎಲ್ಲಿ ಬೇಕಾದರೂ ನೆಲೆಯೂರಬಲ್ಲದು. ನನ್ನ ಈ ಟಿಪ್ಪಣಿ ಕೀಲಿನ ಕುರಿತು. ಊದಿದ ಮೊಣಕಾಲಿನಿಂದ ಸೂಜಿಯಲ್ಲಿ ತೆಗೆದ ಒಂದಿಷ್ಟು ದ್ರವದಿಂದ ಈ ಜೀವಿಯ ಗುರುತು ಹಿಡಿಯುವುದರ ಕುರಿತು.

ಕೀಲು ಎಂಬ ನೆಲೆ

ಯಾವ ಜೀವಿಯನ್ನು ಹುಡುಕುವುದಾದರೂ ಮೊದಲು ಅದರ ನೆಲೆಯನ್ನು ತಿಳಿಯಬೇಕು. ಆರೋಗ್ಯವಂತರ ಮೊಣಕಾಲಿನೊಳಗೆ ಇರುವ ದ್ರವ ಕೆಲವೇ ಮಿಲಿಲೀಟರ್. ತಿಳಿ, ನಸುಹಳದಿ, ಕೋಳಿಮೊಟ್ಟೆಯ ಬಿಳಿಭಾಗದಂತೆ ಲೋಳೆ. ಈ ಲೋಳೆ ಹಯಲುರೊನಿಕ್ ಆಮ್ಲ ಎಂಬ ಉದ್ದ ಸರಪಳಿಯ ಅಣುವಿನಿಂದ ಬಂದದ್ದು. ದ್ರವವನ್ನು ಸ್ರವಿಸುವ ಒಳಪೊರೆಗೆ ರಕ್ತನಾಳಗಳು ಯಥೇಚ್ಛ. ಬೇರೆ ಅನೇಕ ಪೊರೆಗಳ ತಳದಲ್ಲಿ ಇರುವ ತಡೆಪದರ ಇದಕ್ಕೆ ಇಲ್ಲ. ಹೀಗಾಗಿ ರಕ್ತದಲ್ಲಿ ಅಲೆಯುವ ಬ್ಯಾಕ್ಟೀರಿಯಾ ಸಲೀಸಾಗಿ ಕೀಲಿನೊಳಗೆ ಜಾರುತ್ತದೆ. ಒಳಗೆ ಬೆಚ್ಚಗಿದೆ, ಉಣ್ಣಲು ಬೇಕಾದದ್ದು ಇದೆ. ಬಂದವರು ಬೆಳೆಯುತ್ತಾರೆ. ಅವರನ್ನು ಅಟ್ಟಲು ಬಿಳಿ ರಕ್ತಕಣಗಳು ಮುಗಿಬೀಳುತ್ತವೆ. ಬ್ಯಾಕ್ಟೀರಿಯಾದ ಕಿಣ್ವಗಳೂ ಬಿಳಿಕಣಗಳ ಕಿಣ್ವಗಳೂ ಸೇರಿ ಮೂಳೆಯ ತುದಿಯ ಮೃದ್ವಸ್ಥಿಯನ್ನು ಕೆಲವೇ ದಿನಗಳಲ್ಲಿ ಕರಗಿಸಿಬಿಡಬಹುದು. ಒಮ್ಮೆ ಹೋದ ಮೃದ್ವಸ್ಥಿ ಮೊದಲಿನಂತೆ ಮರಳಿ ಬೆಳೆಯುವುದಿಲ್ಲ. ಗುರುತು ಹಿಡಿಯುವುದಕ್ಕೆ ತಾಳ್ಮೆ ಬೇಕು, ಚಿಕಿತ್ಸೆಗೆ ಅವಸರವಿದೆ. ಪ್ರಯೋಗಾಲಯದವರು ಈ ಎರಡರ ನಡುವೆ ಕೆಲಸ ಮಾಡುತ್ತಾರೆ.

ಮೊದಲ ಗಂಟೆ

ಮಾದರಿ ಬಂದ ಕೂಡಲೇ ಅದನ್ನು ಬೆಳಕಿಗೆ ಹಿಡಿಯುತ್ತೇನೆ. ತಿಳಿಯಾಗಿದ್ದರೆ ಕೊಳವೆಯ ಹಿಂದಿನ ಅಕ್ಷರಗಳನ್ನು ಓದಬಹುದು. ಸೋಂಕು ತಗುಲಿದ ದ್ರವದಲ್ಲಿ ಓದಲಾಗುವುದಿಲ್ಲ. ಅದು ಕದಡಿ ಹಳದಿ, ಬೂದು, ಒಮ್ಮೊಮ್ಮೆ ಹಸಿರು ಛಾಯೆಗೆ ತಿರುಗಿರುತ್ತದೆ. ಪಿಪೆಟ್ಟಿನ ತುದಿಯಿಂದ ಒಂದು ಹನಿ ಬೀಳಲು ಬಿಡುತ್ತೇನೆ. ಒಳ್ಳೆಯ ಕೀಲುದ್ರವ ಬೀಳುವಾಗ ಎರಡು ಬೆರಳಿನಗಲಕ್ಕೂ ಮಿಕ್ಕಿ ಎಳೆ ಎಳೆಯುತ್ತದೆ. ಕೀವುಗಟ್ಟಿದ ದ್ರವ ನೀರಿನಂತೆ ತೊಟ್ಟಿಕ್ಕುತ್ತದೆ, ಏಕೆಂದರೆ ಉರಿಯೂತದ ಕಿಣ್ವಗಳು ಆ ಉದ್ದ ಸರಪಳಿಗಳನ್ನು ತುಂಡರಿಸಿವೆ. ಯಂತ್ರಕ್ಕೆ ಹಾಕುವ ಮೊದಲೇ ದ್ರವ ಇಷ್ಟನ್ನು ಹೇಳುತ್ತದೆ.

ಆಮೇಲೆ ಕಣಗಳ ಎಣಿಕೆ. ಸಹಜ ದ್ರವದ ಒಂದು ಮೈಕ್ರೊಲೀಟರಿನಲ್ಲಿ ಬಿಳಿಕಣಗಳು 200ಕ್ಕಿಂತ ಕಡಿಮೆ. ಬ್ಯಾಕ್ಟೀರಿಯಾ ಸೋಂಕಿನಲ್ಲಿ ಎಷ್ಟೋ ಸಲ 50,000 ದಾಟುತ್ತದೆ, ಅದರಲ್ಲೂ ಹೆಚ್ಚಿನವು ನ್ಯೂಟ್ರೊಫಿಲ್‌ಗಳು. ಎಣಿಕೆ ಕಡಿಮೆ ಇತ್ತೆಂದು ಸೋಂಕಿಲ್ಲ ಎನ್ನುವ ಹಾಗಿಲ್ಲ, ಹೆಚ್ಚಿತ್ತೆಂದು ಸೋಂಕೇ ಎನ್ನುವ ಹಾಗೂ ಇಲ್ಲ. ಗೌಟ್ ರೋಗದ ಯೂರೇಟ್ ಹರಳುಗಳೂ ಇಂಥದೇ ದಾಂಧಲೆ ಮಾಡುತ್ತವೆ. ಧ್ರುವೀಕೃತ ಬೆಳಕಿನಲ್ಲಿ ಸೂಜಿಯಾಕಾರದ ಹರಳು ಮಿನುಗಿದರೂ ನೋಟ ಅಲ್ಲಿಗೇ ನಿಲ್ಲಬಾರದು; ಹರಳು ಮತ್ತು ಬ್ಯಾಕ್ಟೀರಿಯಾ ಒಂದೇ ಕೀಲಿನಲ್ಲಿ ಒಟ್ಟಿಗೆ ಇರುವುದುಂಟು.

ನಂತರ ಗ್ರಾಮ್ ಸ್ಟೇನ್. ಡೆನ್ಮಾರ್ಕಿನ ಹ್ಯಾನ್ಸ್ ಕ್ರಿಶ್ಚಿಯನ್ ಗ್ರಾಮ್ ಬರ್ಲಿನ್‌ನಲ್ಲಿ ಕೆಲಸ ಮಾಡುತ್ತಿದ್ದಾಗ 1884ರಲ್ಲಿ ಪ್ರಕಟಿಸಿದ ವಿಧಾನ ಇವತ್ತಿಗೂ ನಮ್ಮ ಮೊದಲ ಕಿಟಕಿ. ನೇರಳೆ ಬಣ್ಣ, ಅಯೋಡಿನ್, ಆಲ್ಕೊಹಾಲ್ ತೊಳೆತ, ಕೆಂಪು ಬಣ್ಣ. ನೇರಳೆಯನ್ನು ಬಿಡದೆ ಹಿಡಿದುಕೊಂಡದ್ದು ಗ್ರಾಮ್ ಪಾಸಿಟಿವ್, ಬಿಟ್ಟುಕೊಟ್ಟು ಕೆಂಪಾದದ್ದು ಗ್ರಾಮ್ ನೆಗೆಟಿವ್. ಕೀಲಿನ ಸೋಂಕಿನಲ್ಲಿ ಈ ಕಿಟಕಿ ತೆರೆದುಕೊಳ್ಳುವುದು ಅರ್ಧಕ್ಕಿಂತ ಕಡಿಮೆ ಸಲ. ಸ್ಲೈಡಿನ ತುಂಬ ನ್ಯೂಟ್ರೊಫಿಲ್‌ಗಳಿದ್ದು ಒಂದೂ ಬ್ಯಾಕ್ಟೀರಿಯಾ ಕಾಣದೆ ಇರುವ ದಿನಗಳೇ ಹೆಚ್ಚು. ನೂರು ಪಟ್ಟು ಹಿಗ್ಗಿಸುವ ಮಸೂರದ ಕೆಳಗೆ ಎಣ್ಣೆ ಹನಿ ಹಾಕಿ, ಸ್ಲೈಡನ್ನು ಸಾಲುಸಾಲಾಗಿ ಸರಿಸುತ್ತ ನೋಡಬೇಕು. ಅದೃಷ್ಟವಿದ್ದರೆ ಬಿಳಿಕಣವೊಂದರ ಹೊಟ್ಟೆಯೊಳಗೆ ತೆಳ್ಳನೆಯ ಕೆಂಪು ಕಡ್ಡಿ ಕಾಣುತ್ತದೆ. ಎರಡು ತುದಿಯಲ್ಲಿ ಬಣ್ಣ ಗಾಢ, ನಡುವೆ ಖಾಲಿ. ಪ್ರಯೋಗಾಲಯದವರು ಇದನ್ನು ಸೇಫ್ಟಿ ಪಿನ್ ರೂಪ ಎನ್ನುತ್ತಾರೆ. ಇದೊಂದರಿಂದ ಹೆಸರು ಹೇಳಲಾಗದು, ಬೇರೆ ಜೀವಿಗಳೂ ಹೀಗೆ ಬಣ್ಣ ಹಿಡಿಯುತ್ತವೆ. ಆದರೆ ಮಳೆಗಾಲ, ಕರಾವಳಿ, ಸಕ್ಕರೆ ಕಾಯಿಲೆ, ಗದ್ದೆ ಕೆಲಸ ಎಂಬ ನಾಲ್ಕು ಮಾತು ಕೋರಿಕೆ ಚೀಟಿಯಲ್ಲಿದ್ದು ಸ್ಲೈಡಿನಲ್ಲಿ ಈ ಕಡ್ಡಿ ಕಂಡರೆ, ಮುಂದಿನ ಕೆಲಸವೆಲ್ಲ ಜೈವಿಕ ಸುರಕ್ಷತಾ ಕ್ಯಾಬಿನೆಟ್ಟಿನ ಒಳಗೇ ನಡೆಯಬೇಕು.

ತಟ್ಟೆಗೆ ಇಳಿಸುವುದು

ದ್ರವವನ್ನು ರಕ್ತ ಅಗಾರ್, ಚಾಕೊಲೇಟ್ ಅಗಾರ್, ಮೆಕಾಂಕಿ ಅಗಾರ್ ತಟ್ಟೆಗಳ ಮೇಲೆ ಎಳೆಯುತ್ತೇವೆ. ಒಂದು ಪಾಲು ರಕ್ತ ಕಲ್ಚರ್ ಬಾಟಲಿಗೆ ಹೋಗುತ್ತದೆ. ಅಗಾರ್ ಕಡಲಿನ ಕೆಂಪು ಪಾಚಿಯಿಂದ ಬಂದದ್ದು. ನಮ್ಮ ದೇಶದಲ್ಲಿ ತಮಿಳುನಾಡಿನ ಕರಾವಳಿಯ ಜೆಲಿಡಿಯೆಲ್ಲಾ ಎಂಬ ಪಾಚಿ ಇದಕ್ಕೆ ಹೆಸರಾಗಿದೆ. ರಾಬರ್ಟ್ ಕಾಕ್ ಅವರ ಬಳಗದಲ್ಲಿ ಗಂಡನಿಗೆ ಪ್ರಯೋಗದಲ್ಲಿ ನೆರವಾಗುತ್ತಿದ್ದ ಫ್ಯಾನಿ ಹೆಸ್ಸೆ 1881ರಲ್ಲಿ ಅಗಾರನ್ನು ಸೂಚಿಸುವ ಮೊದಲು ಜೆಲಟಿನ್ ಬಳಕೆಯಲ್ಲಿತ್ತು. ಮೈ ಬಿಸಿಯ ಉಷ್ಣತೆಯಲ್ಲಿ ಜೆಲಟಿನ್ ಕರಗುತ್ತದೆ, ಅಗಾರ್ ಗಟ್ಟಿಯಾಗಿಯೇ ಉಳಿಯುತ್ತದೆ. 37 ಡಿಗ್ರಿಯಲ್ಲಿ ಬೆಳೆಯುವ ರೋಗಕಾರಕಗಳನ್ನು ಒಂದೊಂದಾಗಿ ಬಿಡಿಸಿ ನೋಡುವುದು ಆಮೇಲೆ ಸುಲಭವಾಯಿತು.

ಮೆಲಿಯಾಯ್ಡೋಸಿಸ್ ಶಂಕೆ ಇದ್ದಾಗ ಇನ್ನೊಂದು ತಟ್ಟೆ ಬೇಕು. ಆಸ್ಟ್ರೇಲಿಯಾದ ಟೌನ್ಸ್‌ವಿಲ್‌ನಲ್ಲಿ ಆಶ್‌ಡೌನ್ 1979ರಲ್ಲಿ ವಿವರಿಸಿದ ಮಾಧ್ಯಮ ಅದು. ಅದರಲ್ಲಿ ಗ್ಲಿಸರಾಲ್, ಕ್ರಿಸ್ಟಲ್ ವಯಲೆಟ್, ನ್ಯೂಟ್ರಲ್ ರೆಡ್, ಜೆಂಟಾಮೈಸಿನ್ ಇವೆ. ಜೆಂಟಾಮೈಸಿನ್ ಬೇರೆ ಅನೇಕ ಬ್ಯಾಕ್ಟೀರಿಯಾಗಳನ್ನು ತಡೆಯುತ್ತದೆ, ನಾವು ಹುಡುಕುವ ಜೀವಿ ಸಾಮಾನ್ಯವಾಗಿ ಅದನ್ನು ಲೆಕ್ಕಿಸುವುದಿಲ್ಲ. ಕಫ, ಗಂಟಲು, ಗಾಯದ ಕೀವಿನಂಥ ಕಿಕ್ಕಿರಿದ ಜಾಗದಿಂದ ಇದನ್ನು ಹೆಕ್ಕಲು ಈ ತಟ್ಟೆ ಬೇಕೇ ಬೇಕು. ಕೀಲುದ್ರವದಲ್ಲಿ ಗುಂಪು ಇರುವುದಿಲ್ಲ, ಆದರೂ ಬಣ್ಣ ಮತ್ತು ಆಕಾರ ಕಾಣಲು ಇದರಷ್ಟು ಅನುಕೂಲವಾದದ್ದು ಬೇರೆ ಇಲ್ಲ.

24 ಗಂಟೆ

ಕೀಲಿನ ಸೋಂಕಿಗೆ ಲೋಕದಾದ್ಯಂತ ಎಲ್ಲಕ್ಕಿಂತ ಹೆಚ್ಚು ಕಾರಣವಾಗುವುದು ಸ್ಟಾಫಿಲೊಕಾಕಸ್ ಔರಿಯಸ್. ಅದು ತನ್ನನ್ನು ಬಚ್ಚಿಟ್ಟುಕೊಳ್ಳುವುದಿಲ್ಲ. ಒಂದು ರಾತ್ರಿ ಕಳೆದರೆ ರಕ್ತ ಅಗಾರ್ ಮೇಲೆ ದುಂಡಗೆ, ಉಬ್ಬಿ, ಕೆನೆಯಿಂದ ಹೊಂಬಣ್ಣದವರೆಗಿನ ಕಾಲೊನಿಗಳು ಎದ್ದಿರುತ್ತವೆ. ಸುತ್ತ ರಕ್ತಕಣ ಒಡೆದ ತಿಳಿಯಾದ ವೃತ್ತ. ಸ್ವಲ್ಪ ಕಾಲೊನಿಯನ್ನು ಹೈಡ್ರೊಜನ್ ಪೆರಾಕ್ಸೈಡ್ ಹನಿಗೆ ಮುಟ್ಟಿಸಿದರೆ ತಕ್ಷಣ ಗುಳ್ಳೆ ಬುಸುಗುಟ್ಟುತ್ತದೆ. ಮೊಲದ ಪ್ಲಾಸ್ಮಾದಲ್ಲಿ ಬೆರೆಸಿ 37 ಡಿಗ್ರಿಯಲ್ಲಿ ಇಟ್ಟರೆ ನಾಲ್ಕು ಗಂಟೆಯೊಳಗೆ ಹೆಚ್ಚಾಗಿ ಗಡ್ಡೆ ಕಟ್ಟುತ್ತದೆ. ಮಧ್ಯಾಹ್ನದೊಳಗೆ ವಾರ್ಡಿಗೆ ಹೆಸರು ತಿಳಿಸಬಹುದು.

ನಮ್ಮ ಮಣ್ಣುಜೀವಿಯ ಮೊದಲ ಬೆಳಗು ಹೀಗಿರುವುದಿಲ್ಲ. ರಕ್ತ ಅಗಾರ್ ಮೇಲೆ ಚಿಕ್ಕ, ನುಣುಪು, ಕೆನೆಬಣ್ಣದ ಚುಕ್ಕಿಗಳು. ಮೆಕಾಂಕಿ ಮೇಲೆ ಬಣ್ಣವಿಲ್ಲದ, ತೆಳುವಾದ ಬೆಳವಣಿಗೆ. ಆಶ್‌ಡೌನ್ ತಟ್ಟೆಯಲ್ಲಿ ಸೂಜಿಮೊನೆಯಷ್ಟು ಚುಕ್ಕಿ. ಆಕ್ಸಿಡೇಸ್ ಪರೀಕ್ಷೆಯ ಕಾಗದ ನೇರಳೆಯಾಗುತ್ತದೆ. ಇಷ್ಟನ್ನೇ ನೋಡಿ ‘ಸೂಡೊಮೊನಾಸ್ ಜಾತಿ’ ಎಂದು ಬರೆದು ವರದಿ ಮುಗಿಸುವುದು ಸುಲಭ. ಕಾಲೊನಿ ಒಣಕಲಾಗಿ ಕಂಡರೆ ಗಾಳಿಯಿಂದ ಬಿದ್ದ ಬ್ಯಾಸಿಲಸ್ ಎಂದು ಭಾವಿಸಿ ತಟ್ಟೆಯನ್ನು ತ್ಯಾಜ್ಯಕ್ಕೆ ಹಾಕುವುದು ಇನ್ನೂ ಸುಲಭ. ಮೆಲಿಯಾಯ್ಡೋಸಿಸ್ ಪರಿಚಯವಿಲ್ಲದ ಪ್ರಯೋಗಾಲಯಗಳಲ್ಲಿ ಈ ಜೀವಿ ಕೈ ತಪ್ಪುವುದು ಹೆಚ್ಚಾಗಿ ಈ 24ನೇ ಗಂಟೆಯಲ್ಲೇ. ಕೀಲುದ್ರವ ಸಹಜವಾಗಿ ನಿರ್ಜೀವಾಣು ಜಾಗ. ಅಲ್ಲಿಂದ ಬಂದ ಯಾವ ಬೆಳವಣಿಗೆಯನ್ನೂ ಕಲಬೆರಕೆ ಎಂದು ತಳ್ಳಿಹಾಕುವ ಮೊದಲು ಅದು ಯಾರು ಎಂದು ತಿಳಿಯುವ ಹೊಣೆ ನೋಡುವವರದು.

ಒಂದು ಎಚ್ಚರಿಕೆಯನ್ನು ಇಲ್ಲಿ ಹೇಳಲೇಬೇಕು. ಈ ಜೀವಿಯ ತಟ್ಟೆಗೆ ಮಣ್ಣಿನ ವಾಸನೆ ಇರುತ್ತದೆಂದು ಹಳಬರು ದಾಖಲಿಸಿದ್ದಾರೆ. ಮುಚ್ಚಳ ತೆಗೆದು ಮೂಸಿ ನೋಡುವ ಹಳೆಯ ಅಭ್ಯಾಸವನ್ನು ಈಗ ಪೂರ್ತಿ ಬಿಡಬೇಕು. ಉಸಿರಿನಿಂದ ಒಳಗೆ ಹೋಗಬಲ್ಲ ಜೀವಿ ಇದು. ತಟ್ಟೆಗೆ ಟೇಪ್ ಸುತ್ತಿ, ಕ್ಯಾಬಿನೆಟ್ಟಿನಲ್ಲಿ ಮಾತ್ರ ತೆರೆಯಬೇಕು.

48ರಿಂದ 72 ಗಂಟೆ

ಎರಡನೆಯ ಬೆಳಗಿನಿಂದ ಕಾಲೊನಿ ಬದಲಾಗತೊಡಗುತ್ತದೆ. ತಟ್ಟೆಯನ್ನು ಓರೆಯಾಗಿ ಹಿಡಿದು ಪಕ್ಕದಿಂದ ಬೆಳಕು ಬೀಳಿಸಿದರೆ ನಿನ್ನೆ ನುಣುಪಾಗಿದ್ದ ಮೈ ಇಂದು ಮಂಕಾಗಿದೆ. ಅಂಚಿನಲ್ಲಿ ಲೋಹದ ಹೊಳಪು ಕಾಣಿಸಬಹುದು. ಆಶ್‌ಡೌನ್ ತಟ್ಟೆಯ ಚುಕ್ಕಿಗಳು ಅಗಲವಾಗಿ, ಚಪ್ಪಟೆಯಾಗಿ, ನ್ಯೂಟ್ರಲ್ ರೆಡ್ಡನ್ನು ಹೀರಿ ನೇರಳೆ ಬಣ್ಣಕ್ಕೆ ತಿರುಗಿವೆ. ಮೂರನೆಯ ದಿನಕ್ಕೆ ನಡುವಿನಿಂದ ಅಂಚಿನತ್ತ ಸುಕ್ಕುಗಳು ಮೂಡಿರುತ್ತವೆ. ಮೇಲ್ಮೈ ಒಣಗಿ ಗಡುಸಾಗಿ, ಲೂಪ್ ತಾಗಿಸಿದರೆ ಮಾಧ್ಯಮವನ್ನು ಕಚ್ಚಿಕೊಂಡಂತೆ ಅನಿಸುತ್ತದೆ. ಬಣ್ಣವಿಲ್ಲದಿದ್ದ ಮೆಕಾಂಕಿ ಕಾಲೊನಿಗೂ ಈಗ ನಸುಗೆಂಪು ಹತ್ತಿದೆ. ಎಲ್ಲ ತಳಿಗಳೂ ಒಂದೇ ರೀತಿ ಸುಕ್ಕುಗಟ್ಟುವುದಿಲ್ಲ. ಕೆಲವು ಕೊನೆಯವರೆಗೂ ನುಣುಪಾಗಿ ಉಳಿಯುತ್ತವೆ. ಒಂದೇ ರೋಗಿಯ ತಟ್ಟೆಯಲ್ಲಿ ಎರಡು ಬಗೆಯ ಕಾಲೊನಿ ಕಂಡಾಗ ಎರಡು ಜೀವಿ ಎಂದುಕೊಳ್ಳದೆ ಎರಡನ್ನೂ ಬೇರೆ ಬೇರೆ ಪರೀಕ್ಷಿಸಬೇಕು. ಹಲವು ಸಲ ಎರಡೂ ಒಂದೇ.

1911ರ ಸುಮಾರಿಗೆ ರಂಗೂನಿನಲ್ಲಿ ಆಲ್ಫ್ರೆಡ್ ವಿಟ್‌ಮೋರ್ ಮತ್ತು ಸಿ.ಎಸ್. ಕೃಷ್ಣಸ್ವಾಮಿ ನೋಡಿದ್ದೂ ಇಂಥದೇ ಬೆಳವಣಿಗೆಯನ್ನು. ಶವಪರೀಕ್ಷೆಗಳಲ್ಲಿ ಸಿಕ್ಕ ಬಾವುಗಳು ಕುದುರೆಗಳ ಗ್ಲ್ಯಾಂಡರ್ಸ್ ರೋಗವನ್ನು ಹೋಲುತ್ತಿದ್ದವು. ಆದರೆ ಸತ್ತವರಲ್ಲಿ ಅನೇಕರು ಮಾರ್ಫಿನ್ ಚಟಕ್ಕೆ ಬಿದ್ದಿದ್ದ ಬಡವರು, ಕುದುರೆಗಳ ಸಹವಾಸ ಅವರಿಗಿರಲಿಲ್ಲ. ಅವರ ದೇಹದಿಂದ ಬೆಳೆಸಿದ ಬ್ಯಾಕ್ಟೀರಿಯಾ ಚಲಿಸುತ್ತಿತ್ತು, ಗ್ಲ್ಯಾಂಡರ್ಸ್‌ನದು ಚಲಿಸುವುದಿಲ್ಲ. ಅಗಾರ್ ಮೇಲೆ ಹುಲುಸಾಗಿ ಬೆಳೆದು ಸುಕ್ಕುಗಟ್ಟುತ್ತಿತ್ತು. ಈ ವ್ಯತ್ಯಾಸಗಳ ಮೇಲೆ ನಿಂತು ಅವರು 1912ರಲ್ಲಿ ಇಂಡಿಯನ್ ಮೆಡಿಕಲ್ ಗೆಜೆಟ್‌ನಲ್ಲಿ ಹೊಸ ರೋಗವೊಂದನ್ನು ವಿವರಿಸಿದರು. ಜೀನುಗಳ ಪರಿಚಯವಿಲ್ಲದ ಕಾಲದಲ್ಲಿ ಚಲನೆ, ಬೆಳೆಯುವ ರೀತಿ, ಮೈಯ ಸುಕ್ಕು ಇವನ್ನು ನೋಡಿಯೇ ಹೊಸ ಜೀವಿಯನ್ನು ಗುರುತಿಸಿದರು. ನನಗೆ ಅವರು ದೊಡ್ಡ ನಿಸರ್ಗ ವೀಕ್ಷಕರು.

ಮೂರು ಬಿಲ್ಲೆಗಳು

ದುಬಾರಿ ಯಂತ್ರವಿಲ್ಲದ ತಾಲ್ಲೂಕು ಆಸ್ಪತ್ರೆಯ ಪ್ರಯೋಗಾಲಯವೂ ಮಾಡಬಹುದಾದ ಒಂದು ಪರೀಕ್ಷೆ ಇದೆ. ತಟ್ಟೆಯ ತುಂಬ ಜೀವಿಯನ್ನು ಹರಡಿ ಅದರ ಮೇಲೆ ಜೆಂಟಾಮೈಸಿನ್, ಕೊಲಿಸ್ಟಿನ್, ಅಮಾಕ್ಸಿಸಿಲಿನ್–ಕ್ಲಾವುಲನೇಟ್ ಎಂಬ ಮೂರು ಔಷಧ ಬಿಲ್ಲೆಗಳನ್ನು ಇಡುವುದು. ಮರುದಿನ ಮೊದಲ ಎರಡು ಬಿಲ್ಲೆಗಳ ಅಂಚಿನವರೆಗೂ ಬೆಳವಣಿಗೆ ಬಂದು, ಮೂರನೆಯದರ ಸುತ್ತ ಮಾತ್ರ ಅಗಲವಾದ ಖಾಲಿ ವೃತ್ತ ಉಳಿದರೆ ಶಂಕೆ ಬಲವಾಯಿತು. ಆಕ್ಸಿಡೇಸ್ ಪಾಸಿಟಿವ್ ಆದ ಗ್ರಾಮ್ ನೆಗೆಟಿವ್ ಕಡ್ಡಿಯೊಂದು ಹೀಗೆ ನಡೆದುಕೊಳ್ಳುವುದು ಅಪರೂಪ. ಈ ಗುಣವೂ ಊರಿಂದ ಊರಿಗೆ ತುಸು ಬದಲಾಗುತ್ತದೆ. ಬೋರ್ನಿಯೊದ ಸರಾವಾಕ್ ಪ್ರದೇಶದಲ್ಲಿ ಜೆಂಟಾಮೈಸಿನ್‌ಗೆ ಮಣಿಯುವ ತಳಿಗಳು ಸಿಕ್ಕಿವೆ.

ಖಚಿತಪಡಿಸಲು ಲ್ಯಾಟೆಕ್ಸ್ ಪರೀಕ್ಷೆ ಇದೆ. ಪ್ರತಿಕಾಯ ಲೇಪಿಸಿದ ಕಣಗಳೊಂದಿಗೆ ಕಾಲೊನಿಯನ್ನು ಬೆರೆಸಿದರೆ ಅವು ಕ್ಷಣಗಳಲ್ಲಿ ಗುಂಪುಗಟ್ಟುತ್ತವೆ. ಈ ಜೀವಿಗೆ ವಿಶಿಷ್ಟವಾದ ಜೀನ್ ತುಣುಕನ್ನು ಹುಡುಕುವ ಪಿಸಿಆರ್ ಇದೆ. ಸ್ವಯಂಚಾಲಿತ ಯಂತ್ರಗಳೂ ಇವೆ, ಆದರೆ ಅವು ತಮ್ಮ ನೆನಪಿನ ಕಣಜದಲ್ಲಿ ಇರುವುದನ್ನಷ್ಟೇ ಹೇಳಬಲ್ಲವು. ಕೆಲವು ಯಂತ್ರಗಳು ಇದನ್ನು ಬರ್ಕ್‌ಹೋಲ್ಡೇರಿಯಾ ಸೆಪೇಸಿಯಾ ಎನ್ನುತ್ತವೆ, ಮಾಲ್ಡಿ–ಟಾಫ್ ಕೆಲವೊಮ್ಮೆ ಬರ್ಕ್‌ಹೋಲ್ಡೇರಿಯಾ ಥಾಯ್ಲ್ಯಾಂಡೆನ್ಸಿಸ್ ಎನ್ನುತ್ತದೆ. ಎರಡನೆಯದು ಇದರ ಮಣ್ಣಿನ ನೆಂಟ. ಅರಾಬಿನೋಸ್ ಸಕ್ಕರೆಯನ್ನು ಬಳಸಿಕೊಳ್ಳಬಲ್ಲದು, ನಮ್ಮದು ಬಳಸುವುದಿಲ್ಲ. ಯಂತ್ರದ ಪರದೆಯ ಮೇಲಿನ ಹೆಸರಿಗೂ ತಟ್ಟೆಯ ಮೇಲಿನ ಸುಕ್ಕಿಗೂ ಹೊಂದಿಕೆಯಾಗದಿದ್ದಾಗ ತಟ್ಟೆಯ ಮಾತನ್ನೂ ಕೇಳಬೇಕು.

ಹೆಸರು ಗೊತ್ತಾದ ಕೂಡಲೇ ಫೋನ್ ಎತ್ತಬೇಕು. ಮೊಣಕಾಲಿನ ಕೀವಿಗೆ ಸಾಮಾನ್ಯವಾಗಿ ಶುರುಮಾಡುವ ಹಲವು ಔಷಧಗಳು ಇದರ ಮೇಲೆ ಕೆಲಸ ಮಾಡುವುದಿಲ್ಲ. ಸೆಫ್ಟಾಜಿಡಿಮ್ ಅಥವಾ ಮೆರೊಪೆನೆಮ್ ನರದ ಮೂಲಕ ವಾರಗಟ್ಟಲೆ ಕೊಡಬೇಕು, ಕೀಲನ್ನು ಶುಚಿಗೊಳಿಸಬೇಕು, ಆಮೇಲೆ ಮೂರು ತಿಂಗಳಾದರೂ ಕೋಟ್ರೈಮಾಕ್ಸಜೋಲ್ ಮಾತ್ರೆ ನುಂಗಬೇಕು. ಮಧ್ಯೆ ಬಿಟ್ಟರೆ ಕಾಯಿಲೆ ಮರಳುತ್ತದೆ. ತಪ್ಪು ಹೆಸರಿಗೆ ರೋಗಿ ತೆರುವ ಬೆಲೆ ದೊಡ್ಡದು.

ನಿಧಾನಿಗಳು

ತಟ್ಟೆಯಲ್ಲಿ ಇನ್ನೂ ನಿಧಾನವಾಗಿ ಬರುವವರಿದ್ದಾರೆ. ಕುರಿ, ಆಡು, ದನ ಸಾಕುವವರಲ್ಲಿ ಸೊಂಟದ ಕೀಲು ಅಥವಾ ಮೊಣಕಾಲು ತಿಂಗಳುಗಟ್ಟಲೆ ನೋಯುತ್ತ ಜ್ವರ ಬಂದು ಹೋಗುತ್ತಿದ್ದರೆ ಬ್ರುಸೆಲ್ಲಾ ನೆನಪಾಗಬೇಕು. ದನಗಳಲ್ಲಿ ಗರ್ಭಪಾತ ತರುವ ಕಂದು ರೋಗದ ಬ್ಯಾಕ್ಟೀರಿಯಾ ಇದೇ ಬಳಗದ್ದು. 1887ರಲ್ಲಿ ಮಾಲ್ಟಾದಲ್ಲಿ ಡೇವಿಡ್ ಬ್ರೂಸ್ ಬ್ರುಸೆಲ್ಲಾವನ್ನು ಹಿಡಿದರು. 1905ರಲ್ಲಿ ಅಲ್ಲಿಯವರೇ ಆದ ಥೆಮಿಸ್ಟೊಕ್ಲಿಸ್ ಜಮ್ಮಿತ್ ಆಡುಗಳೇ ಇದರ ಆಸರೆ ಎಂದು ತೋರಿಸಿದರು, ಹಸಿ ಹಾಲು ಅದರ ದಾರಿಯಾಗಿತ್ತು. ಉತ್ತರ ಕರ್ನಾಟಕದಲ್ಲಿ ಮನುಷ್ಯರ ಬ್ರುಸೆಲ್ಲಾ ಸೋಂಕಿನ ಕುರಿತು ವಿಜಯಪುರದಿಂದ ಬಂದಿರುವ ಅಧ್ಯಯನಗಳು ದೇಶದಲ್ಲೇ ಗಣ್ಯವಾದವು. ಕಾಲೊನಿ ಅತಿ ಸಣ್ಣದು, ಸ್ಲೈಡಿನಲ್ಲಿ ಮಸುಕಾದ ಕಿರುಕಡ್ಡಿಗಳು, ಯೂರಿಯೇಸ್ ಪರೀಕ್ಷೆ ಬಲುಬೇಗ ಬಣ್ಣ ಬದಲಿಸುತ್ತದೆ. ಪ್ರಯೋಗಾಲಯದವರಿಗೇ ಹೆಚ್ಚಾಗಿ ತಗುಲುವ ಬ್ಯಾಕ್ಟೀರಿಯಾಗಳಲ್ಲಿ ಇದು ಮುಂಚೂಣಿಯದು. ಮಣ್ಣುಜೀವಿಗೆ ಹೇಳಿದ ಎಚ್ಚರಿಕೆಯೆಲ್ಲ ಇದಕ್ಕೂ ಸಲ್ಲುತ್ತದೆ.

ಎಳೆಯ ಮಕ್ಕಳ ಗಂಟಲಿನಲ್ಲಿರುವ ಕಿಂಗೆಲ್ಲಾ ಕಿಂಗೇ ಗಟ್ಟಿ ತಟ್ಟೆಯ ಮೇಲೆ ಅನೇಕ ಸಲ ಬೆಳೆಯುವುದೇ ಇಲ್ಲ. ಕೀಲುದ್ರವವನ್ನು ರಕ್ತ ಕಲ್ಚರ್ ಬಾಟಲಿಗೆ ಹಾಕಿದರೆ ಬೆಳೆಯುತ್ತದೆ ಎಂದು ಇಸ್ರೇಲಿನ ಪಾಬ್ಲೊ ಯಗುಪ್ಸ್ಕಿ ಮತ್ತು ಸಂಗಡಿಗರು 1992ರಲ್ಲಿ ತೋರಿಸಿದ ಮೇಲೆ ಮಕ್ಕಳ ಕೀಲು ಸೋಂಕಿನ ಚಿತ್ರವೇ ಬದಲಾಯಿತು. ಕ್ಷಯದ ಬ್ಯಾಕ್ಟೀರಿಯಾ ಲೋವೆನ್‌ಸ್ಟೈನ್–ಜೆನ್ಸೆನ್ ಮಾಧ್ಯಮದಲ್ಲಿ ಎಂಟು ವಾರದವರೆಗೂ ಕಾಯಿಸುತ್ತದೆ. ಕೃತಕ ಕೀಲಿನ ಮೇಲೆ ಪೊರೆ ಕಟ್ಟಿ ಕೂರುವ ಬ್ಯಾಕ್ಟೀರಿಯಾಗಳದು ಇನ್ನೊಂದು ಬಗೆ. ಹೊರತೆಗೆದ ಕೃತಕ ಕೀಲನ್ನು ಶಬ್ದತರಂಗಗಳಿಂದ ಅಲುಗಿಸಿ ಪೊರೆ ಬಿಡಿಸಿದರೆ, ಅಂಗಾಂಶ ಕಲ್ಚರ್‌ನಲ್ಲಿ ಶೇ 60.8ರಷ್ಟಿದ್ದ ಪತ್ತೆ ಶೇ 78.5ಕ್ಕೆ ಏರುತ್ತದೆಂದು ಅಮೆರಿಕದ ಮೇಯೊ ಕ್ಲಿನಿಕ್ 2007ರಲ್ಲಿ ವರದಿ ಮಾಡಿತು. ಒಂದೊಂದು ಜೀವಿಗೂ ತನ್ನದೇ ವೇಗ, ತನ್ನದೇ ಆಸರೆ. ಎರಡು ದಿನಕ್ಕೇ ತಟ್ಟೆ ಎಸೆಯುವವರಿಗೆ ಇವರಲ್ಲಿ ಅರ್ಧದಷ್ಟು ಮಂದಿ ಸಿಗುವುದೇ ಇಲ್ಲ.

ಚೀಟಿಯಲ್ಲಿ ಒಂದು ಸಾಲು

2016ರಲ್ಲಿ ಪ್ರಕಟವಾದ ಅಂದಾಜಿನ ಪ್ರಕಾರ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 1,65,000 ಜನ ಮೆಲಿಯಾಯ್ಡೋಸಿಸ್‌ಗೆ ತುತ್ತಾಗುತ್ತಾರೆ, 89,000 ಜನ ಸಾಯುತ್ತಾರೆ. ದಕ್ಷಿಣ ಏಷ್ಯಾದ ಪಾಲು ಅದರಲ್ಲಿ ದೊಡ್ಡದೆಂದು ಅದೇ ಲೆಕ್ಕ ಹೇಳುತ್ತದೆ, ಆದರೆ ನಮ್ಮಲ್ಲಿ ದಾಖಲಾಗುವ ಪ್ರಕರಣಗಳು ಬಹಳ ಕಡಿಮೆ. ಮಣಿಪಾಲ, ಮಂಗಳೂರು, ವೆಲ್ಲೂರಿನಂಥ ಕಡೆ ಹುಡುಕಿದವರಿಗೆ ಸಿಕ್ಕಿದೆ. ಹುಡುಕದ ಊರಿನಲ್ಲಿ ಇಲ್ಲವೆಂದು ಹೇಳಲು ನಮ್ಮ ಬಳಿ ಆಧಾರವಿಲ್ಲ. ನೀರು ನಿಲ್ಲುವ ಗದ್ದೆ ಎಲ್ಲಿದೆಯೋ ಅಲ್ಲಿ ಶಂಕೆ ಇಟ್ಟುಕೊಂಡೇ ತಟ್ಟೆ ನೋಡಬೇಕು.

ವೈದ್ಯರು ಪ್ರಯೋಗಾಲಯಕ್ಕೆ ಕಳಿಸುವ ಚೀಟಿಯಲ್ಲಿ ‘ಕೀಲುದ್ರವ, ಕಲ್ಚರ್’ ಎಂದಷ್ಟೇ ಇದ್ದರೆ ನಮಗೆ ಜೀವಿಯ ಅರ್ಧ ವಿಳಾಸ ಸಿಕ್ಕಂತೆ. ರೋಗಿ ಯಾವ ಊರಿನವರು, ಗದ್ದೆಗೆ ಇಳಿಯುವವರೇ, ಹಸಿ ಹಾಲು ಕುಡಿಯುವವರೇ, ಸಕ್ಕರೆ ಕಾಯಿಲೆ ಇದೆಯೇ, ಆ್ಯಂಟಿಬಯೋಟಿಕ್ ಈಗಾಗಲೇ ಶುರುವಾಗಿದೆಯೇ ಎಂಬ ಒಂದು ಸಾಲು ಬರೆದರೆ ಯಾವ ತಟ್ಟೆಗಳನ್ನು ಹಾಕಬೇಕು, ಎಷ್ಟು ದಿನ ಇಡಬೇಕು, ಯಾವುದನ್ನು ಕ್ಯಾಬಿನೆಟ್ಟಿನಲ್ಲಿ ಮಾತ್ರ ತೆರೆಯಬೇಕು ಎಂಬುದೆಲ್ಲ ಅಲ್ಲೇ ತೀರ್ಮಾನವಾಗುತ್ತದೆ. ಪ್ರಯೋಗಾಲಯ ಇದಕ್ಕೆ ಪ್ರತಿಯಾಗಿ ಕೀಲುದ್ರವದ ತಟ್ಟೆಯನ್ನು ಬೇಗ ಎಸೆಯದೆ ಇಟ್ಟುಕೊಳ್ಳಬೇಕು, ಆಕ್ಸಿಡೇಸ್ ಪಾಸಿಟಿವ್ ಕಡ್ಡಿ ಸಿಕ್ಕಾಗಲೆಲ್ಲ ಆ ಮೂರು ಬಿಲ್ಲೆಗಳನ್ನು ಇಟ್ಟು ನೋಡಬೇಕು. ಸಕ್ಕರೆ ಕಾಯಿಲೆ ಇದ್ದು ಗದ್ದೆಗಿಳಿಯುವವರು ಕಾಲಿನ ಗಾಯ ಮುಚ್ಚಿ ಗಮ್‌ಬೂಟು ಹಾಕಿಕೊಂಡರೆ, ಕೆಲಸ ಮುಗಿದ ಮೇಲೆ ಕಾಲನ್ನು ಸೋಪು ಹಾಕಿ ತೊಳೆದರೆ, ಎಷ್ಟೋ ಮೊಣಕಾಲುಗಳು ನಮ್ಮ ಸೂಕ್ಷ್ಮದರ್ಶಕದವರೆಗೆ ಬರುವ ಅಗತ್ಯವೇ ಇರುವುದಿಲ್ಲ.